ಅವಳು ಬರೆಯದ ಅವಳ ಅಕ್ಷರ

"ಏಯ್, ಇಳೀರಿ ಕೆಳಗೆ! ಆ ಬೋರ್ಡಿಗೆ ಕೈ ಹಚ್ಚಿದ್ರೆ ನೋಡಿ ಮತ್ತೆ!"

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸಿಗೆ ಕಾಯುತ್ತಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಎದುರಿನ ದೇವಪ್ಪನವರ ಹೋಟೆಲಿಗೆ ಏಣಿ ಒರಗಿಸಲಾಗಿತ್ತು. ಏಣಿಯ ಮೇಲೆ ಸ್ಪ್ಯಾನರ್ ಹಿಡಿದ ಒಬ್ಬ ಯುವಕ. ಏಣಿಯ ಬುಡದಲ್ಲಿ, ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಬಿಳಿ ಬಣ್ಣದ ಡಬ್ಬಿ ಹಿಡಿದು ಕೆಂಡಾಮಂಡಲವಾಗಿ ನಿಂತಿದ್ದವಳು ತಸ್ಮಿಯಾ!

"ಎಂತ ಆಯ್ತು ಮಾರಾಯ್ರೆ?" ಅವನು ಮೇಲಿನಿಂದಲೇ ಕೇಳಿದ.

"ಎಂತ ಆಯ್ತಾ? ಅದು ನಾನು ಬರೆದ ಬೋರ್ಡು!"

"ಇರ್ಬೋದು. ಪ್ರದೀಪಣ್ಣ ಹೊಸದು ಮಾಡ್ಸಿದಾರೆ. ಫ್ಲೆಕ್ಸು, ಒಳಗೆ ಲೈಟು. ಹಳೇದು ತೆಗೀದೆ ಹೊಸದು ಎಲ್ಲಿ ಕೂರ್ಸೋದು?"

ಪ್ರದೀಪ ದೇವಪ್ಪನವರ ಮಗ. ಹೋಟೆಲು ಹಳೆಯದಾಯಿತು, ಹೊಸದು ಮಾಡಬೇಕು ಎಂಬ ಹುಚ್ಚು ಅವನಿಗೆ. ಕೊಪ್ಪದಲ್ಲಿ ಪ್ರಿಂಟಿಂಗ್ ಅಂಗಡಿ ಇಟ್ಟಿರುವ ಸಕ್ಲೇನನಿಗೆ ಆರ್ಡರ್ ಕೊಟ್ಟಿದ್ದವನೂ ಅವನೇ.

ಸಕ್ಲೇನ್ ಅಲ್ಲಿಯವರೆಗೆ ಬೋರ್ಡಿನ ಬೋಲ್ಟುಗಳನ್ನಷ್ಟೇ ನೋಡಿದ್ದ. ಈಗ, ಇಷ್ಟು ಕೂಗಾಡುವಂಥದ್ದು ಏನಿದೆ ಎಂದು ಅಕ್ಷರಗಳತ್ತ ಕಣ್ಣು ಹಾಯಿಸಿದ.

'ದೇವಪ್ಪಣ್ಣನ ಹೋಟ್ಲು. ಕಡುಬು ಬಿಸಿ ಇದೆ, ಬನ್ನಿ.'

ಗೆರೆ ಎಳೆದು ಅದರ ಮೇಲೆ ಕೂರಿಸಿದ ಅಕ್ಷರಗಳಲ್ಲ ಅವು. ಒಂದು ಸ್ವಲ್ಪ ಮೇಲೆ, ಒಂದು ಸ್ವಲ್ಪ ಕೆಳಗೆ, ಸಂತೆಗೆ ಹೊರಟ ಹೆಂಗಸರ ಹಾಗೆ ಮಾತಾಡಿಕೊಂಡು ಹೋಗುತ್ತಿದ್ದವು. ಬ್ರಷ್ಷು ಊರಿದ ಕಡೆ ದಪ್ಪ, ಎತ್ತುವ ಕಡೆ ತೆಳು. ಸಾಲಿನ ಕೊನೆಗೆ ಬಣ್ಣ ಮುಗಿದು ಕೂದಲೆಳೆಗಳ ಗುರುತು ಹಾಗೇ ಉಳಿದಿತ್ತು. ಓದಿದರೆ ಯಾರೋ ನಗುತ್ತ ಕರೆದಂತಿತ್ತು.

ಅವನು ಬಹಳ ಹೊತ್ತು ನೋಡಿದ. ಆಮೇಲೆ ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಇಳಿದುಬಂದ.

"ಪ್ರದೀಪಣ್ಣ, ಈ ಬೋರ್ಡ್ ತೆಗೆಯೋಕೆ ನನ್ನ ಕೈಲಿ ಆಗಲ್ಲ. ಬೇಕಾದ್ರೆ ಫ್ಲೆಕ್ಸನ್ನ ಪಕ್ಕದ ಗೋಡೆಗೆ ಹಾಕ್ತೀನಿ."

"ಏನು ತಮಾಷೆ ಮಾಡ್ತಿದೀಯನ?" ಬಾಗಿಲಲ್ಲಿ ನಿಂತಿದ್ದ ಪ್ರದೀಪ ರೇಗಿದ.

ಗಲ್ಲಾದಲ್ಲಿ ಕೂತಿದ್ದ ದೇವಪ್ಪ ಹೊಟ್ಟೆ ಕುಲುಕಿಸಿ ನಕ್ಕರು. "ಆ ಹುಡುಗಂಗೆ ಬುದ್ಧಿ ಇದೆ ಮಾರಾಯ. ಬಿಡು, ಪಕ್ಕಕ್ಕೇ ಹಾಕ್ಲಿ."

ತಸ್ಮಿಯಾಳ ಸಿಟ್ಟು ಎಲ್ಲಿ ಹೋಯಿತೋ! ಜಗಳಕ್ಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಎದುರಾಳಿ ಸೋಲೊಪ್ಪಿಕೊಂಡರೆ ಜಗಳ ಮಾಡುವವರು ಏನು ಮಾಡಬೇಕು ಹೇಳಿ? ಅವಳು ಸುಮ್ಮನೆ ತಿರುಗಿ ಗಾಜಿನ ಮೇಲೆ ಆ ದಿನದ ತಿಂಡಿ ಬರೆಯತೊಡಗಿದಳು. ಬೆನ್ನ ಹಿಂದೆ ಅವನು ನಿಂತೇ ಇದ್ದಾನೆಂದು ಅವಳಿಗೆ ಗೊತ್ತಿತ್ತು.

ಅವಳ ಅಬ್ಬಾ ಬಷೀರ್ ಊರಿಗೆಲ್ಲ ಬೋರ್ಡ್ ಬರೆಯುತ್ತಿದ್ದವರು. ಅವರು ತೀರಿಕೊಂಡ ಮೇಲೆ, ಹುಡುಗಿ ಏಣಿ ಹತ್ತುವುದೇ ಎಂದು ಊರವರು ಮೂಗು ಮುರಿದಾಗ, "ನನ್ನ ಹೋಟ್ಲಿಗೆ ಬರಿ ಮಗಾ" ಎಂದು ಮೊದಲ ಕೆಲಸ ಕೊಟ್ಟವರು ದೇವಪ್ಪ. ಅಂದಿನಿಂದ ದಿನಾ ಬೆಳಿಗ್ಗೆ ಗಾಜಿನ ಮೇಲೆ ಬರೆಯುವುದು ಅವಳ ಕೆಲಸ. ಬರೆದ ಮೇಲೆ ದೇವಪ್ಪನವರ ಹೆಂಡತಿ ಶೇಷಮ್ಮ ಕೊಡುವ ಕಾಫಿ ಕುಡಿಯುತ್ತ ಹರಟುವುದೂ ಅವಳ ಕೆಲಸವೇ ಆಗಿಬಿಟ್ಟಿತ್ತು.

"ನಿಮ್ಮ ಅಕ್ಷರಾನ ಫಾಂಟ್ ಮಾಡ್ಬೋದು," ಎಂದ ಸಕ್ಲೇನ್ ಹಿಂದಿನಿಂದ.

"ಅಂದ್ರೆ?"

"ಅ ಇಂದ ಳ ತನಕ, ಕಾಗುಣಿತ, ಒತ್ತಕ್ಷರ ಎಲ್ಲಾ ಹಾಳೆ ಮೇಲೆ ಬರ್ಕೊಡಿ. ನಾನು ಕಂಪ್ಯೂಟರಿಗೆ ಹಾಕ್ತೀನಿ. ಆಮೇಲೆ ಯಾರು ಟೈಪ್ ಮಾಡಿದ್ರೂ ನಿಮ್ಮ ಕೈ ಅಕ್ಷರ ಬರುತ್ತೆ."

"ಯಾರು ಟೈಪ್ ಮಾಡಿದ್ರೂ?" ಅವಳಿಗೆ ಮೈ ಜುಮ್ಮೆಂದಿತು. ಅದು ಖುಷಿಗೋ ಭಯಕ್ಕೋ ಆಗ ತಿಳಿಯಲಿಲ್ಲ.

* * *

ಪ್ರತಿ ಭಾನುವಾರ ಸಕ್ಲೇನ್ ಕೊಪ್ಪದಿಂದ ಬೈಕಿನಲ್ಲಿ ಬರುತ್ತಿದ್ದ. ತಸ್ಮಿಯಾಳ ಅಮ್ಮಿ ಅಮೀರ್ ಬೀ ಬಾಗಿಲು ತೆಗೆದು, "ಹಾಳೆಗಾ? ಬಾಪ್ಪ, ಕೂತ್ಕೊ" ಎನ್ನುತ್ತಿದ್ದರು. ಅವನು ಜಗುಲಿಯಲ್ಲಿ ಕೂರುತ್ತಿದ್ದ. ಅವಳು ಬರೆದ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಒಂದೊಂದು ಅಕ್ಷರ ಮೂರು ಮೂರು ತರ ಬೇಕು," ಎಂದಿದ್ದ ಒಮ್ಮೆ. "ನೀವು ಎರಡು ಸಲ 'ಕ' ಬರೆದ್ರೆ ಎರಡೂ ಬೇರೆ ಬೇರೆ ಇರ್ತವೆ. ಮಿಷನ್ನು ಎರಡು ಸಲಾನೂ ಒಂದೇ ತರ ಒತ್ತುತ್ತೆ. ಅಲ್ಲಿ ಸಿಕ್ಕಿಬೀಳ್ತೀವಿ."

"ಇದೆಲ್ಲ ಯಾರಿಗೆ ಬೇಕು?"

"ಬೇಕರಿ ಡಬ್ಬಿಗೆ, ಜೇನು ಬಾಟ್ಲಿಗೆ, ಮದುವೆ ಕಾಗದಕ್ಕೆ, ಮಕ್ಕಳ ಹುಟ್ಟಿದ ಹಬ್ಬಕ್ಕೆ. ಉಪ್ಪಿನಕಾಯಿ ಮಾಡಿ ಮಾರೋರು ಎಷ್ಟು ಜನ ಇದಾರೆ ನಮ್ಮಲ್ಲಿ! ಕೈಯಲ್ಲಿ ಮಾಡಿದ ಸಾಮಾನಿಗೆ ಕೈಯಲ್ಲಿ ಬರೆದಂಗೆ ಅಕ್ಷರ ಇದ್ರೆ ಚಂದ ಅಲ್ದಾ?"

ಮಾತಾಡುವಾಗ ಅವನ ಕಣ್ಣು ಮಿಂಚುತ್ತಿತ್ತು. ಆ ಮಿಂಚು ಅಕ್ಷರಕ್ಕೋ ತನಗೋ ಎಂದು ಅವಳ ಮನಸ್ಸು ಲೆಕ್ಕ ಹಾಕತೊಡಗಿದ್ದು ಯಾವಾಗಿನಿಂದ ಎಂದು ಅವಳಿಗೇ ತಿಳಿಯದು. ಭಾನುವಾರ ಬೆಳಿಗ್ಗೆ ಬೈಕಿನ ಸದ್ದಿಗೆ ಕಿವಿ ನಿಮಿರುತ್ತಿತ್ತು. 'ನೀವು' ಎನ್ನುತ್ತಿದ್ದವರು ಯಾವಾಗಲೋ 'ನೀನು' ಆಗಿದ್ದರು. ಅಮೀರ್ ಬೀ ಎಲ್ಲವನ್ನೂ ನೋಡುತ್ತಿದ್ದರು, ಏನೂ ನೋಡದವರಂತೆ ಹೊಲಿಗೆ ಮಿಷನ್ ತುಳಿಯುತ್ತಿದ್ದರು.

ಒಂದು ದಿನ ತಸ್ಮಿಯಾ ಹಾಳೆ ಕೊಡದೆ ಎದೆಗೆ ಒತ್ತಿ ಹಿಡಿದುಕೊಂಡಳು.

"ಒಂದು ಮಾತು ಕೊಡ್ಬೇಕು ಸಕ್ಲೇನ್. ಸಾವಿಗೆ ಮಾತ್ರ ಇದನ್ನ ಹಾಕ್ಬಾರ್ದು."

"ಸಾವಿಗೆ ಯಾರು ಹಾಕ್ತಾರೆ?"

"ಅಬ್ಬಾ ಹೋದ ದಿನ ಮಣ್ಣು ಮಾಡೋ ಹೊತ್ತು ಬರೆದು ಅವ್ರ ಅಂಗಡಿ ಮುಂದೆ ಇಡು ಅಂದ್ರು. ಅಳ್ತಾ ಅಳ್ತಾನೇ ಬರ್ದೆ. ಬರೆದಾದ್ಮೇಲೆ ನೋಡಿದ್ರೆ, ಅಕ್ಷರ ಎಲ್ಲಾ ಮದುವೆ ಮನೇಲಿದ್ದಂಗೆ ನಗ್ತಾ ನಿಂತಿವೆ! ನನ್ನ ಕೈಗೆ ಅಳೋಕೆ ಬರಲ್ಲ ಸಕ್ಲೇನ್. ಅವತ್ತು ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ಅವತ್ತಿಂದ ಸಾವಿನ ಸುದ್ದಿ ನಾನು ಬರೀಲಿಲ್ಲ."

ಅವನು ತಮಾಷೆ ಮಾಡಲಿಲ್ಲ. "ಮಾತು ಕೊಟ್ಟೆ. ನೀನು ಹೂಂ ಅನ್ನೋ ತನಕ ಈ ಅಕ್ಷರ ನನ್ನ ಅಂಗಡಿ ದಾಟಲ್ಲ," ಎಂದ.

ಅವಳು ಆಗ ಹಾಳೆ ಕೊಟ್ಟಳು. ಅಂದು ಹಾಳೆಯ ಜೊತೆ ಇನ್ನೇನೇನು ಕೊಟ್ಟಳೋ, ಅವಳ ಮುಖ ನೋಡಿದವರು ಯಾರಾದರೂ ಹೇಳಬಹುದಿತ್ತು. ಆ ಪೆದ್ದ ಮಾತ್ರ ಹಾಳೆಗಳನ್ನು ಎಣಿಸಿ ಚೀಲಕ್ಕೆ ಹಾಕಿಕೊಂಡು ಹೊರಟ.

ಕೊನೆಯ ಒತ್ತಕ್ಷರವೂ ಮುಗಿಯಿತು. ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಫೋನಿನಲ್ಲಿ, "ಕೆಲಸ ಜಾಸ್ತಿ" ಎಂಬ ಮಾತಷ್ಟೇ ಬಂತು.

'ಅಕ್ಷರ ಸಿಕ್ಕಿತು... ಇನ್ನು ನಾನು ಯಾಕೆ ಬೇಕು?'

ಆ ಯೋಚನೆ ಬಂದಾಗಲೆಲ್ಲ ಅವಳು ತಲೆ ಕೊಡವಿಕೊಳ್ಳುತ್ತಿದ್ದಳು. ಅದು ಮಾತ್ರ ಹೋಗುತ್ತಿರಲಿಲ್ಲ.

* * *

ಅಂದು ತಸ್ಮಿಯಾ ಶೃಂಗೇರಿಯಲ್ಲಿದ್ದಳು. ಯಾತ್ರಿಕರು ಉಳಿಯುವ ಒಂದು ಲಾಡ್ಜಿನ ಗೋಡೆಗೆ ಹೆಸರು ಬರೆಯುವ ಕೆಲಸ. ಗೋಡೆಗೆ ಬಿದಿರು ಕಟ್ಟಿದ ಸಾರ್ವೆಯ ಮೇಲೆ ನಿಂತು ಮಧ್ಯಾಹ್ನದವರೆಗೂ ಬರೆದಳು. ಫೋನು ಕೆಳಗೆ ಚೀಲದಲ್ಲಿತ್ತು. ಇಳಿದು ನೋಡಿದರೆ ಸಕ್ಲೇನನ ಕರೆಗಳು, ಅಮ್ಮಿಯ ಕರೆಗಳು. ಅವಳು ಮೊದಲು ಅಮ್ಮಿಗೆ ಫೋನ್ ಮಾಡಿದಳು.

"ದೇವಪ್ಪಣ್ಣ ಹೋಗ್ಬಿಟ್ರು ಬೇಟಾ... ಬೆಳಿಗ್ಗೆ ಗಲ್ಲಾದಲ್ಲಿ ಕೂತಿದ್ದೋರು ಹಂಗೇ ವಾಲಿದ್ರಂತೆ."

ಅವಳು ಕುಂಚಗಳನ್ನು ತೊಳೆಯಲೂ ಇಲ್ಲ. ಸಿಕ್ಕಿದ ಬಸ್ ಹತ್ತಿ ಕೊಪ್ಪದಲ್ಲಿ ಬಸ್ ಬದಲಿಸಿ ಊರು ಸೇರುವವರೆಗೂ ಅವಳಿಗೆ ಕಣ್ಣೊರೆಸಿಕೊಳ್ಳಲು ದುಪಟ್ಟಾದ ಒಂದು ತುದಿ ಸಾಲಲಿಲ್ಲ. ಅಬ್ಬಾ ಎರಡನೇ ಸಲ ಸತ್ತಂತಾಗಿತ್ತು ಅವಳಿಗೆ.

ಹೋಟೆಲಿನ ಹಿಂದೆಯೇ ದೇವಪ್ಪನವರ ಮನೆ. ತಿರುವು ದಾಟುತ್ತಿದ್ದಂತೆ ಅವಳು ಗಕ್ಕನೆ ನಿಂತಳು.

ಗೇಟಿನ ಪಕ್ಕ ಆಳೆತ್ತರದ ಬ್ಯಾನರು. ದೇವಪ್ಪ ನಗುತ್ತಿರುವ ಫೋಟೋ. ಅದರ ಕೆಳಗೆ...

'ದೇವಪ್ಪನವರಿಗೆ ಭಾವಪೂರ್ಣ ಶ್ರದ್ಧಾಂಜಲಿ.'

ಅವಳದೇ ಕೈ! ಅವಳದೇ ದಪ್ಪ, ಅವಳದೇ ತೆಳು, ಸಾಲಿನ ತುದಿಯಲ್ಲಿ ಬಣ್ಣ ಒಣಗಿದ ಕೂದಲೆಳೆ ಗುರುತೂ ಅವಳದೇ. ಬರೆದವಳು ಮಾತ್ರ ಅವಳಲ್ಲ. ತಾನು ಬರೆಯದ ಸಾವನ್ನು ತನ್ನ ಕೈ ಊರಿಗೆಲ್ಲ ಸಾರುತ್ತ ನಿಂತಿತ್ತು. ಹಾರಾಡುತ್ತ, ನಗುತ್ತ!

"ಎಷ್ಟು ಬೇಗ ಬರ್ಕೊಟ್ಟಿದೀಯ ಮಾರಾಯ್ತಿ," ಎಂದರು ಪಕ್ಕದಲ್ಲಿ ನಿಂತಿದ್ದ ಬಸವಮ್ಮ. ಹೋಟೆಲಿಗೆ ಹಾಲು ಹಾಕುವವರು ಅವರು. ಮೆಚ್ಚಿದರೋ ಚುಚ್ಚಿದರೋ ಗೊತ್ತಾಗಲಿಲ್ಲ.

"ನಾನು ಬರ್ದಿದ್ದಲ್ಲ ಬಸವಮ್ಮಕ್ಕ..."

"ನಿನ್ನ ಅಕ್ಷರ ನಮಗೆ ಗೊತ್ತಾಗಲ್ವನೇ? ದಿನಾ ಗಾಜಲ್ಲಿ ನೋಡ್ತೀವಿ."

'ದೇವಪ್ಪನವರಿಗೆ' ಎಂಬಲ್ಲಿ ಎರಡು 'ವ'ಗಳಿದ್ದವು. ಅವಳು ಬರೆದುಕೊಟ್ಟ ಮೂರು ತರದಲ್ಲಿ ಒಂದನ್ನೇ ಅವಸರದಲ್ಲಿ ಎರಡೂ ಕಡೆ ಕೂರಿಸಲಾಗಿತ್ತು, ಎರಡೂ ಅಚ್ಚು ಹಾಕಿದಂತೆ ಒಂದೇ. ಅವಳ ಕೈ ಎಂದೂ ಹಾಗೆ ಬರೆದಿರಲಿಲ್ಲ. ಆದರೆ ಅದನ್ನು ಯಾರಿಗೆ ತೋರಿಸುವುದು? ಸಾವಿನ ಮನೆಯ ಮುಂದೆ ನಿಂತು ಅಕ್ಷರದ ಪಾಠ ಮಾಡುವುದೇ?

ಒಳಗೆ ಹೋದಳು. ಶೇಷಮ್ಮ ಗೋಡೆಗೆ ಒರಗಿ ಕೂತಿದ್ದರು. ತಸ್ಮಿಯಾ ಅವರ ಪಾದದ ಬಳಿ ಕುಸಿದು, "ಅಮ್ಮಾ..." ಎಂದಳು.

ಶೇಷಮ್ಮ ನಿಧಾನವಾಗಿ ತಲೆಯೆತ್ತಿದರು. "ಬಿಸಿ ಕಡುಬು ಇದೆ ಬನ್ನಿ ಅಂತ ಬರೆದ ಅಕ್ಷರದಲ್ಲೇ ಇದನ್ನೂ ಬರೆದ್ಯಲ್ಲೇ... ನಿಂಗೆ ಹೆಂಗೆ ಮನಸ್ಸು ಬಂತು ಮಗಾ?"

ಇಷ್ಟು ಹೇಳಿ ಅವರು ಮುಖ ತಿರುಗಿಸಿಕೊಂಡರು. ತಸ್ಮಿಯಾಳ ಎದೆ ಒಡೆದುಹೋಯಿತು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಮಗಾ ಎಂದುಬಿಟ್ಟಿದ್ದರು.

ಹೊರಗೆ ಬಂದರೆ ಸಕ್ಲೇನ್ ಬೈಕಿನ ಪಕ್ಕ ನಿಂತಿದ್ದ.

"ಪ್ರದೀಪಣ್ಣ ಫೋನಲ್ಲಿ ಅಳ್ತಿದ್ರು ತಸ್ಮಿ. ಅಪ್ಪನ ಬೋರ್ಡಿನ ಅಕ್ಷರದಲ್ಲೇ ಬೇಕು, ಅಪ್ಪಂಗೆ ಅದೇ ಇಷ್ಟ ಅಂದ್ರು. ನಿಂಗೆ ಫೋನ್ ಮಾಡ್ದೆ, ನೀನು ಎತ್ಲಿಲ್ಲ. ಹೊತ್ತು ಇರ್ಲಿಲ್ಲ. ದೇವಪ್ಪಣ್ಣ ಅಂದ್ರೆ ನಿಂಗೂ ಜೀವ ಅಲ್ವಾ, ನೀನು ಬೇಡ ಅನ್ನಲ್ಲ ಅಂದ್ಕೊಂಡೆ..."

"ಅಂದ್ಕೊಂಡ್ಯಾ? ನಾನು ಕೇಳಿದ್ದು ಒಂದೇ ಒಂದು ಮಾತು. ಅದನ್ನೂ ಉಳಿಸ್ಕೊಳ್ಳೋಕೆ ಆಗ್ಲಿಲ್ವಾ ನಿಂಗೆ?"

"ತಪ್ಪಾಯ್ತು..."

"ನಿಂಗೆ ಬೇಕಿದ್ದಿದ್ದು ನನ್ನ ಅಕ್ಷರ. ಸಿಕ್ತು. ಎಲ್ಲಿ ಬೇಕಾದ್ರೂ ಹಾಕ್ಕೋ! ಇನ್ಮೇಲೆ ನನ್ನ ಮನೆ ಬಾಗಿಲಿಗೆ ಬರ್ಬೇಡ."

ಅವಳು ತಿರುಗಿ ನೋಡದೆ ನಡೆದಳು. ನೋಡಿದ್ದರೆ, ಅವನು ಬೈಕಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿ ನಿಂತಿದ್ದು ಕಾಣುತ್ತಿತ್ತು.

* * *

ಆಮೇಲಿನ ದಿನಗಳು ಹೇಗೆ ಹೋದವೋ!

ಕೊಪ್ಪದ ಕಡೆಯ ಒಂದು ಮದುವೆಯ ಮನೆಯಿಂದ ಫೋನು ಬಂತು. ಮದುಮಗಳು ಅರ್ಪಣಾ ತಾನಾಗಿ ಆಸೆಪಟ್ಟು, ಲಗ್ನಪತ್ರಿಕೆಯ ಮೇಲಿನ ಹೆಸರನ್ನು ತಸ್ಮಿಯಾಳ ಕೈಯಲ್ಲೇ ಬರೆಸಬೇಕೆಂದಿದ್ದಳು. ಈಗ ಅವಳ ತಾಯಿ ಮಾತಾಡಿದರು.

"ತಪ್ಪು ತಿಳ್ಕೋಬೇಡ ಕಣಮ್ಮ. ದೇವಪ್ಪನ ಮನೆ ಮುಂದೆ ಅದೇ ಅಕ್ಷರ ನೋಡ್ಕೊಂಡು ಬಂದ್ವಿ. ಸಾವಿನ ಬ್ಯಾನರ್ ಅಕ್ಷರದಲ್ಲೇ ಮದುವೆ ಕಾಗದ ಅಂದ್ರೆ ಹಿರಿಯರು ಒಪ್ಪಲ್ಲ."

"ಆಯ್ತಮ್ಮ," ಎಂದಳು ತಸ್ಮಿಯಾ. ಬೇರೇನು ಹೇಳುವುದು?

ತೊಟ್ಟಿಲ ಶಾಸ್ತ್ರಕ್ಕೆ ಹೆಸರು ಬರೆಯಲು ಹೇಳಿದ್ದವರೂ ಬೇಡವೆಂದರು. ಬೇಕರಿಯವರು 'ಮುಂದೆ ನೋಡೋಣ' ಎಂದರು. ಯಾರೂ ಕೆಟ್ಟವರಲ್ಲ. ಅವಳ ಅಕ್ಷರ ಕಂಡರೆ ಅವರಿಗೆ ಆ ಗೇಟು, ಆ ಬ್ಯಾನರು ನೆನಪಾಗುತ್ತಿತ್ತು, ಅಷ್ಟೇ. ಅಬ್ಬಾನಿಂದ ಬಂದದ್ದು ಎಂದು ಅವಳ ಬಳಿ ಇದ್ದದ್ದು ಈ ಕೈಯೊಂದೇ. ಅದೀಗ ಅಪಶಕುನವಾಗಿ ಕೂತಿತ್ತು.

ಒಂದು ದಿನ ಅಮ್ಮಿ ಹೊರಗೆ ಹೋದಾಗ ಬ್ರಷ್ಷು ಹಿಡಿದು ಹಾಳೆಯ ಮೇಲೆ 'ಬನ್ನಿ' ಎಂದು ಬರೆದಳು. ಅಕ್ಷರ ಬಂತು. ನೋಡಿದರೆ ಅದೇ ಬ್ಯಾನರಿನಿಂದ ಕತ್ತರಿಸಿ ತೆಗೆದಂತೆ ಕಂಡಿತು. ಅವಳು ಹಾಳೆ ಮುದುಡಿ ಎಸೆದು ಬಿಕ್ಕಿ ಬಿಕ್ಕಿ ಅತ್ತಳು.

'ನನ್ನ ಕೈಯನ್ನು ನನ್ನಿಂದ ಕಿತ್ತುಕೊಂಡುಬಿಟ್ಟೆಯಲ್ಲೋ... ಆದರೂ ಭಾನುವಾರ ಬಂದರೆ ಈ ಹಾಳು ಕಿವಿ ನಿನ್ನ ಬೈಕಿಗೇ ಕಾಯುತ್ತದಲ್ಲೋ!'

ಅವನು ಬರಲಿಲ್ಲ. ಬರಬೇಡ ಎಂದವಳು ಅವಳೇ. ಬರಲಿಲ್ಲ ಎಂದು ಅತ್ತವಳೂ ಅವಳೇ.

* * *

ದೇವಪ್ಪನವರ ಕಾರ್ಯ ಎಲ್ಲ ಮುಗಿದ ಮೇಲೆ ಶೇಷಮ್ಮ ಹೇಳಿ ಕಳಿಸಿದರು. ತಸ್ಮಿಯಾ ಅಂಜುತ್ತಲೇ ಹೋದಳು. ಹೋಟೆಲಿನ ಬಾಗಿಲು ಅರ್ಧ ತೆರೆದಿತ್ತು. ಒಲೆ ಹಚ್ಚಿರಲಿಲ್ಲ. ಶೇಷಮ್ಮ ಬೆಂಚಿನ ಮೇಲೆ ಕೂತು, ಪಕ್ಕದ ಜಾಗವನ್ನು ಕೈಯಲ್ಲಿ ತಟ್ಟಿ ತೋರಿಸಿದರು.

"ಆ ಕೊಪ್ಪದ ಹುಡುಗ ಬಂದಿದ್ದ," ಎಂದರು. "ಕಾಲಿಗೆ ಬಿದ್ದ. ಅವಳು ಬರೆದಿದ್ದಲ್ಲ ಅಮ್ಮ, ಅವಳಿಗೆ ಗೊತ್ತೇ ಇರ್ಲಿಲ್ಲ, ನಾನು ಮಿಷನ್ನಲ್ಲಿ ಹಾಕಿದ್ದು, ಬೈಯೋದಿದ್ರೆ ನನ್ನ ಬೈರಿ ಅಂದ. ನಂಗೆ ಎಂತದೂ ಅರ್ಥ ಆಗ್ಲಿಲ್ಲ. ಕೈ ನಿಂದಲ್ವಾ ಅದು?"

ಅಲ್ಲ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತಿತ್ತೇನೋ. ಆದರೆ ಆ ಮುಖ ನೋಡುತ್ತ ಸುಳ್ಳು ಬಾಯಿಗೆ ಬರಲಿಲ್ಲ.

"ನನ್ನ ಕೈಯೇ ಅಮ್ಮ. ನಾನು ಬರೆದ ಅಕ್ಷರಗಳನ್ನೇ ಅವನು ಜೋಡ್ಸಿದ್ದು."

ಶೇಷಮ್ಮ ಹೂಂ ಎಂದರು. "ಕಾರ್ಯ ಮುಗಿದ್ಮೇಲೆ ಪ್ರದೀಪ ಆ ಬ್ಯಾನರು ಬಿಚ್ಚಿ ಸೌದೆ ಮೇಲೆ ಹೊದ್ಸೋಕೆ ಹೊರಟ. ಎಲ್ಲರ ಮನೇಲೂ ಹಂಗೇ ಅಲ್ವಾ? ನಾನು ಬಿಡ್ಲಿಲ್ಲ. ಮಡ್ಚಿ ಒಳಗಿಟ್ಟೆ."

"ಯಾಕಮ್ಮ?"

"ಬೇರೆಯವ್ರ ಮನೆ ಬ್ಯಾನರ್ ನೋಡಿದ್ರೆ ಸತ್ತೋರು ಅನ್ಸುತ್ತೆ. ಇದನ್ನ ನೋಡಿದ್ರೆ ಇವ್ರು ಗಲ್ಲಾದಲ್ಲಿ ಕೂತು ಯಾರನ್ನೋ ಕರೀತಿದಾರೆ ಅನ್ಸೋದು ಮಗಾ. ಅವತ್ತು ಅದನ್ನ ತಡ್ಕೊಳ್ಳೋಕೆ ಆಗ್ಲಿಲ್ಲ. ಆ ಸಂಕಟಾನ ನಿನ್ನ ಮೇಲೆ ಹಾಕ್ದೆ."

ಇಬ್ಬರೂ ಒಬ್ಬರ ಹೆಗಲ ಮೇಲೊಬ್ಬರು ತಲೆಯಿಟ್ಟು ಅತ್ತರು. ಎಷ್ಟು ಹೊತ್ತು ಅತ್ತರೋ. ಕೊನೆಗೆ ಶೇಷಮ್ಮನೇ ಸೆರಗಿನಿಂದ ಅವಳ ಮೂಗು ಒರೆಸಿದರು.

"ನಾಳೆ ಒಲೆ ಹಚ್ತೀವಿ. ಬಂದು ಗಾಜಿನ ಮೇಲೆ ಬರಿ. ಯಾರಾದ್ರೂ ಅಪಶಕುನ ಅಂದ್ರೆ ನನ್ನ ಹತ್ರ ಕಳ್ಸು, ನಾನು ಮಾತಾಡ್ತೀನಿ." ಆಮೇಲೆ ದನಿ ತಗ್ಗಿಸಿದರು. "ಆ ಹುಡುಗ ಪಾಪ ಕಣೇ. ಅವಳ ಅಕ್ಷರ ಪೂರ್ತಿ ಅಳ್ಸಿಬಿಟ್ಟೆ ಅಮ್ಮ, ಇನ್ನು ಯಾರೂ ಅದನ್ನ ಎಲ್ಲೂ ಹಾಕೋಕೆ ಆಗಲ್ಲ ಅಂದ. ಅಂದೋನು ಮಕ್ಕಳ ತರ ಅತ್ತ."

ತಸ್ಮಿಯಾ ಎದ್ದು ನಿಂತಳು. "ಎಂತ ಮಾಡ್ದ? ಅಳ್ಸಿದ್ನಾ?"

ಅವಳ ಮುಖ ನೋಡಿ ಶೇಷಮ್ಮನಿಗೇ ದಿಗಿಲಾಯಿತು. ಬಸ್ ಸ್ಟ್ಯಾಂಡಿನಲ್ಲಿ ಕೊಪ್ಪದ ಬಸ್ಸು ಹೊರಡುತ್ತಿತ್ತು. ಅವಳು ಓಡಿ ಹತ್ತಿದಳು.

* * *

ಸಕ್ಲೇನ್ ಅಂಗಡಿಯಲ್ಲಿ ಒಬ್ಬನೇ ಇದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡವನೇ ಕುರ್ಚಿಯಿಂದ ಎದ್ದ, ಏನು ಹೇಳಬೇಕೆಂದು ತಿಳಿಯದೆ ಮತ್ತೆ ಕೂತ, ಮತ್ತೆ ಎದ್ದ.

"ಅಳ್ಸಿದ್ದು ನಿಜಾನಾ?"

"ನಿಜ."

"ಎಲ್ಲಾನೂ?"

"ಎಲ್ಲಾನೂ. ನೀನು ಬರೆದ ಹಾಳೆ ಮಾತ್ರ ಇವೆ. ಅವು ನಿನ್ನವು." ಅವನು ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಯನ್ನು ಎತ್ತಿ ಅವಳ ಮುಂದಿಟ್ಟ. "ಇನ್ನು ನಿಂಗೆ ತೊಂದ್ರೆ ಆಗಲ್ಲ ತಸ್ಮಿ."

ಇದನ್ನು ಕೇಳಿದರೆ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಕೂತು ಬರೆದ 'ಅ', ಹತ್ತು ಸಲ ಹಾಳು ಮಾಡಿ ಕೊನೆಗೆ ಗೆದ್ದ 'ಜ್ಞ', ಅವನು "ವಾಹ್" ಎಂದು ಕೂಗಿದ 'ಳ', ಅವನ ಕಂಪ್ಯೂಟರಿನಲ್ಲಿ ಯಾವುದೂ ಉಳಿದಿರಲಿಲ್ಲ. ಅವಳ ಸಿಟ್ಟು ನೆತ್ತಿಗೇರಿತು.

"ಯಾರು ಹೇಳಿದ್ರು ನಿಂಗೆ ಅಳ್ಸು ಅಂತ?"

ಅವನು ಕಕ್ಕಾಬಿಕ್ಕಿಯಾದ. "ನಿಂಗೇ ಬೇಡ ಇತ್ತಲ್ಲ..."

"ನಾನು ಹೇಳಿದ್ನಾ? ಹಾಕೋವಾಗ್ಲೂ ಕೇಳ್ಲಿಲ್ಲ, ಅಳ್ಸೋವಾಗ್ಲೂ ಕೇಳ್ಲಿಲ್ಲ! ನನ್ನ ಅಕ್ಷರ ಇರ್ಬೇಕೋ ಹೋಗ್ಬೇಕೋ, ಎರಡು ಸಲಾನೂ ತೀರ್ಮಾನ ನಿಂದೇ. ನನ್ನ ಒಳ್ಳೇದಕ್ಕೇ ಮಾಡಿದ್ದು, ಗೊತ್ತು. ನೀನು ಮಾಡೋ ಈ ಒಳ್ಳೇದ್ರಲ್ಲಿ ನಾನು ಎಲ್ಲಿದೀನಿ ಸಕ್ಲೇನ್?"

ಅವನು ಪೆಟ್ಟಿಗೆಯ ಅಂಚನ್ನು ಉಗುರಿನಿಂದ ಕೆರೆಯತೊಡಗಿದ.

"ಅದಕ್ಕೂ ಮೊದ್ಲೇ ಭಾನುವಾರ ಬರೋದು ಬಿಟ್ಟೆ. ಅದೂ ನಿನ್ನದೇ ತೀರ್ಮಾನ. ಬರ್ಲಾ ಅಂತ ಒಂದು ಸಲ ಕೇಳಿದ್ಯಾ?"

"ಎಂತ ನೆಪ ಹೇಳ್ಕೊಂಡು ಬರ್ಲಿ?" ಅವನು ಮೊದಲ ಬಾರಿಗೆ ದನಿಯೆತ್ತಿದ. "ಹಾಳೆ ತಗೊಂಡು ಹೋಗೋಕೆ ಬಂದೆ ಅಂತಿದ್ದೆ. ಹಾಳೆ ಮುಗೀತು. ನಿಮ್ಮ ಅಮ್ಮಿ ಬಾಗಿಲಲ್ಲಿ ನಿಂತು ಎಂತಕ್ಕೆ ಬಂದ್ಯಪ್ಪ ಅಂದ್ರೆ? ನಿಮ್ಮ ಮಗಳನ್ನ ನೋಡೋಕೆ ಬಂದೆ ಅನ್ಲಾ?"

"ಅನ್ಬೇಕಿತ್ತು!"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಅವಳ ಕೆನ್ನೆ ಕೆಂಪಾಯಿತು.

"ನಾನು ಅವತ್ತು ಏಣಿಯಿಂದ ಇಳಿದಿದ್ದು ಬೋರ್ಡ್ ಚಂದ ಇದೆ ಅಂತ," ಎಂದ ಸಕ್ಲೇನ್ ಮೆಲ್ಲಗೆ. "ಅಲ್ಲಿಂದ ಮನೆಗೆ ಹೋಗೋಕೆ ಮನಸ್ಸಾಗದೆ ನಿಂತಿದ್ದು ಬೋರ್ಡಿಗಲ್ಲ ತಸ್ಮಿ. ಇದನ್ನ ಹೇಳೋಕೆ ಬರ್ಲಿಲ್ಲ ನಂಗೆ. ಅಕ್ಷರದ ವಿಷಯ ಆದ್ರೆ ಎಷ್ಟು ಬೇಕಾದ್ರೂ ಮಾತಾಡ್ತಿದ್ದೆ. ಅದೇ ಮಾತಾಡ್ತಾ ಹೋದೆ."

ಅವಳ ಕಣ್ಣು ತುಂಬಿ ಬಂತು. ಎಷ್ಟು ದಿನ ಎಷ್ಟು ಲೆಕ್ಕ ಹಾಕಿದ್ದಳು! ಉತ್ತರ ಇಷ್ಟು ಸುಲಭವಿತ್ತು, ಕೇಳುವ ಧೈರ್ಯ ಅವಳಿಗೂ ಇರಲಿಲ್ಲ. ತಪ್ಪೆಲ್ಲ ಅವನದೇ ಎಂದು ಹೊರಟುಬಂದವಳಿಗೆ ಅದು ಆಗ ಹೊಳೆಯಿತು.

"ಇನ್ಮೇಲೆ ಕೇಳ್ತೀನಿ," ಎಂದ ಅವನು. "ಏನೇ ಇದ್ರೂ ನಿನ್ನ ಕೇಳ್ದೆ ಮಾಡಲ್ಲ. ಈಗ್ಲೇ ಒಂದು ಕೇಳ್ಲಾ?"

"ಕೇಳು."

"ನನ್ನ ಮದುವೆ ಆಗ್ತೀಯಾ?"

ಅವಳು ಅಳುತ್ತಿದ್ದವಳು ತಡೆಯಲಾರದೆ ನಕ್ಕುಬಿಟ್ಟಳು. "ಇಷ್ಟು ದಿನ ಎಂತದೂ ಕೇಳ್ದೇ ಇದ್ದೋನು, ಶುರು ಮಾಡೋದೇ ಇಷ್ಟು ದೊಡ್ಡದ್ರಿಂದನಾ?"

"ಹಂಗಾದ್ರೆ ಸಣ್ಣದ್ರಿಂದ ಶುರು ಮಾಡ್ಲಾ?"

"ಮಾಡು."

"ಟೀ ಕುಡೀತೀಯಾ?"

"ಕುಡೀತೀನಿ."

"ಸಕ್ರೆ?"

"ಸ್ವಲ್ಪ ಜಾಸ್ತಿ."

"ಈ 'ಅ' ಇಂದ ಮತ್ತೆ ಶುರು ಮಾಡ್ಲಾ?" ಅವನು ಪೆಟ್ಟಿಗೆಯ ಮೇಲೆ ಕೈಯಿಟ್ಟು ಕೇಳಿದ.

ಅವಳು ಪೆಟ್ಟಿಗೆಯ ಮುಚ್ಚಳ ಸರಿಸಿ ಮೇಲಿನ ಹಾಳೆಯನ್ನು ನೋಡಿದಳು. ಅಂದಿನಿಂದ ಮೊದಲ ಸಲ, ಅವಳ ಅಕ್ಷರ ಅವಳಿಗೆ ಅವಳದಾಗಿಯೇ ಕಂಡಿತು.

"ಮಾಡು. ಎಲ್ಲಿ ಹಾಕ್ಬೇಕು, ಎಲ್ಲಿ ಹಾಕ್ಬಾರ್ದು ಅಂತ ನಾನು ಪಕ್ಕದಲ್ಲೇ ಕೂತು ಹೇಳ್ತೀನಿ."

"ಪಕ್ಕದಲ್ಲೇನಾ?"

"ಹೂಂ."

"ಹಂಗಾದ್ರೆ... ಆ ದೊಡ್ಡದು?"

ತಸ್ಮಿಯಾ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. ಅವನು ಕಾಯುತ್ತಿದ್ದ. ಈ ಸಲ ಅವಳ ಬದಲು ತಾನೇ ಉತ್ತರ ಊಹಿಸಿಕೊಳ್ಳದೆ, ಸುಮ್ಮನೆ ಅವಳ ಮುಖ ನೋಡುತ್ತ ಕಾಯುತ್ತಿದ್ದ.

"ಅಮ್ಮಿ ಹತ್ರ ಬಂದು ಕೇಳು," ಎಂದಳು ಅವಳು. "ನನ್ನ ಉತ್ತರ ಅಂತೂ ಹೂಂ."